ಗಾದಿಲಿಂಗಪ್ಪ ಮಗನ ಕೈ ಒಪ್ಪಿಸಿದ್ದು

ಗಾದಿಲಿಂಗಪ್ಪ ಸತ್ತ ಮೇಲೆ ನಾನು ಮನೆಯಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದೇನೆ. ಬ್ರೂಸ್‌ಪೇಟೆಯಲ್ಲಿ ಸಲೂನುಗಳಿಗೇನೂ ಬರವಿಲ್ಲ. ಆದರೆ ಇನ್ನೊಬ್ಬನ ಮುಂದೆ ಕುತ್ತಿಗೆ ಎತ್ತಿ ಕಣ್ಣು ಮುಚ್ಚಲು ಮನಸ್ಸಾಗುವುದಿಲ್ಲ. ಈ ಊರಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದ ವಾರದಲ್ಲಿ ಅವನ ಕುರ್ಚಿಯಲ್ಲಿ ಕೂತವನು ನಾನು. ಅಲ್ಲಿಂದ ಮುಂದೆ ನನ್ನ ಮುಖವನ್ನು ನನಗಿಂತ ಹೆಚ್ಚು ನೋಡಿದವನು ಅವನು. ನಾನು ಓದಿದ್ದನ್ನು ಅವನಿಗೆ ಹೇಳುತ್ತಿದ್ದೆ, ಅವನು ಊರನ್ನು ನನಗೆ ಹೇಳುತ್ತಿದ್ದ. ಗೆಳೆತನ ಅಂದರೆ ಅಷ್ಟೇ ಇತ್ತು, ಅದು ಸಾಕಾಗಿತ್ತು.

ಅವನ ಬಗ್ಗೆ ಇದನ್ನು ಇಷ್ಟು ದಿನ ಬರೆಯುವಂತಿರಲಿಲ್ಲ. ಅವನು ಒಂದು ಸುಳ್ಳನ್ನು ಕಾಯುತ್ತಿದ್ದ. ಅದು ಅವನ ಹೆಣದ ಮುಂದೆಯೇ ಮುಗಿಯಿತು. ಈಗ ಬರೆಯಬಹುದು.

ಗಾದಿಲಿಂಗಪ್ಪನ ಊರು ಕುರುಗೋಡು. ಅವನಪ್ಪ ಅಲ್ಲಿ ಆಯದ ಕೆಲಸ ಮಾಡುತ್ತಿದ್ದವನು. ವರ್ಷವೆಲ್ಲ ಮನೆ ಮನೆಗೆ ಹೋಗಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಷೌರ ಮಾಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಅವರು ಕೊಟ್ಟಷ್ಟು ಜೋಳ ಹೊತ್ತು ತರುವುದು. ಗಾದಿಲಿಂಗಪ್ಪ ಅದನ್ನು ಬಿಟ್ಟು ಬಳ್ಳಾರಿಗೆ ಬಂದು ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ಅಂಗಡಿ ಹಾಕಿದ. ಅಂಗಡಿಯ ಹಿಂದೆಯೇ ಮನೆ. ಮೊದಲು ಕೊಂಡದ್ದು ಒಂದು ಕುರ್ಚಿ. ತಲೆ ಆನಿಸಲು ಹಿಂದೆ ಚರ್ಮದ ದಿಂಬು, ಕಾಲಿಡಲು ಕಬ್ಬಿಣದ ಹಲಗೆ. "ನಮ್ಮಪ್ಪ ಮಂದಿ ಮುಂದ ಕುಂತ. ನಾ ಮಂದೀನ ಕುಂದ್ರಿಸಿ ನಿಂತೀನಿ" ಎನ್ನುತ್ತಿದ್ದ. ಆಮೇಲೆ ಇನ್ನೊಂದು ಕುರ್ಚಿ ತಂದ. ಅದು ಮಗ ಗವಿಸಿದ್ದಪ್ಪನಿಗೆ. ಒಬ್ಬನೇ ಮಗ, ಗವಿ ಎಂದು ಕರೆಯುತ್ತಿದ್ದರು.

ಗವಿಗೆ ಆ ಕುರ್ಚಿ ಬೇಕಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನ ಜೊತೆ ನಿಂತು ಗಿರಾಕಿಗಳ ಕ್ಷೌರ ಮಾಡುತ್ತಿದ್ದ, ಕೈ ಅಪ್ಪನದಕ್ಕಿಂತ ಹಗುರವಾಗಿತ್ತು. ಆದರೆ ಅಪ್ಪನ ಗಡ್ಡ ಮಾತ್ರ ಮುಟ್ಟುತ್ತಿರಲಿಲ್ಲ.

ಇದಕ್ಕೊಂದು ಕಾರಣವಿತ್ತು. ಅವರ ಜನರಲ್ಲಿ 'ಕೈ ಒಪ್ಪಿಸುವುದು' ಎಂಬ ಒಂದು ಪದ್ಧತಿ. ಕೆಲಸ ಕಲಿತ ಹುಡುಗ ಮೊದಲು ಅಪ್ಪನನ್ನು ಕೂರಿಸಿ ಗಡ್ಡ ಮಾಡಬೇಕು. ಆದ ಮೇಲೆ ಅಪ್ಪ ಕೆನ್ನೆಯ ಮೇಲೆ ಅಂಗೈ ಆಡಿಸಿ, "ಒಪ್ಪೈತಿ" ಎನ್ನಬೇಕು. ಆಮೇಲೆ ಅಪ್ಪ ಅವನನ್ನು ಊರಿನ ಗೌಡನ ಅಂಗಳಕ್ಕೆ ಕರೆದುಕೊಂಡು ಹೋಗಿ, "ಹುಡುಗನ ಕೈ ನೋಡ್ರಿ" ಎಂದು ಬಿಡುತ್ತಾನೆ. ಹುಡುಗ ಗೌಡನ ಗಡ್ಡ ಮಾಡುತ್ತಾನೆ. ಗೌಡನೂ ಕೆನ್ನೆ ಸವರಿಕೊಂಡು ಒಪ್ಪಿಗೆ ಎಂದರೆ ಒಂದು ತೆಂಗಿನಕಾಯಿ, ಒಂದು ಟವೆಲು ಸಿಗುತ್ತದೆ. ಅಂದಿನಿಂದ ಆ ಮನೆಯ ತಲೆ, ಗಡ್ಡ ಎಲ್ಲ ಆ ಹುಡುಗನವು. ಅವನು ಆ ಮನೆಯವನು.

ಗವಿ ಅದನ್ನು ಚೆನ್ನಾಗಿ ಬಲ್ಲ. "ಅಪ್ಪನ ಗಡ್ಡ ಮುಟ್ಟಿದ್ರ ಮುಗೀತು ಸರ್, ನಾ ಇಲ್ಲೇ ಗೂಟ ಹೊಡಕೊಂಡಂಗ" ಎಂದು ಒಮ್ಮೆ ನನಗೆ ಹೇಳಿದ್ದ. ಅವನಿಗೆ ಮಿಲಿಟರಿ ಸೇರುವ ಹುಚ್ಚು. ಬೆಳಗಿನ ಜಾವ ಎದ್ದು ಕೋಟೆ ಗುಡ್ಡದ ಬುಡ ಸುತ್ತಿ ಓಡಿ ಬಂದು, ಬೆವರು ಒರೆಸಿಕೊಂಡು ಕತ್ತರಿ ಹಿಡಿಯುತ್ತಿದ್ದ.

ಪಕ್ಕದ ಅಂಗಡಿ ದಸ್ತಗೀರಸಾಬನದು. ಕೊಡೆ, ಬೀಗ ರಿಪೇರಿ ಮಾಡುತ್ತಿದ್ದ. ಕೆಲಸವಿಲ್ಲದಾಗ ಬಂದು ಸಲೂನಿನ ಬೆಂಚಿನ ಮೇಲೆ ಕೂರುತ್ತಿದ್ದ. ಅವನಿಗೂ ಗಾದಿಲಿಂಗಪ್ಪನಿಗೂ ಬೈದಾಡದೆ ಹೊತ್ತು ಹೋಗುತ್ತಿರಲಿಲ್ಲ.

"ಗಾದಿ, ನಿನ್ನ ಮಗ ಓಡೂದು ನೋಡಿದ್ರ ಚೀನಾದವ್ರು ಕೌಲ್‌ಬಜಾರಿಗೇ ಬಂದಂಗ ಕಾಣ್ತೈತಿ ನೋಡಪಾ."

"ಓಡ್ಲಿ ಬಿಡಲೇ ಸಾಬಾ. ಓಡಿ ಓಡಿ ದಣದು ಕುರ್ಚಿಗೇ ಬರ್ತಾನ."

"ಬಂದ್ರ ಛಲೋ. ಬರಲಿಲ್ಲಂದ್ರ?"

"ನಿನ್ನ ಕುಂದ್ರಿಸ್ತೀನಿ. ಕೊಡಿ ಕಡ್ಡಿ ಹಿಡಿಯೋ ಕೈ ಕತ್ತಿ ಹಿಡೀಲಿ."

ಅರವತ್ತೆಂಟನೇ ಇಸವಿ. ಮಿಲಿಟರಿ ಭರ್ತಿಗೆ ಅಧಿಕಾರಿಗಳು ಬಂದರು. ಗವಿ ಹೋದ. ಓಟದಲ್ಲಿ ಮುಂದೆ ಬಂದ, ಎದೆಯೂ ಸರಿಯಾಯಿತು, ಎತ್ತರದಲ್ಲಿ ಒಂದು ಬೆರಳು ಕಡಿಮೆ ಬಿತ್ತು. ತಿರುಗಿ ಕಳಿಸಿಬಿಟ್ಟರು.

ಜಂಬಮ್ಮನಿಗೆ, ಅವನ ತಾಯಿಗೆ, ಬಹಳ ಸಂತೋಷವಾಯಿತು. ಹೋಳಿಗೆ ಮಾಡಿದಳು. ಗವಿ ಉಣ್ಣಲಿಲ್ಲ. ಅಂಗಡಿಗೆ ಬಂದು ತನ್ನ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡುತ್ತಿದ್ದ. ಗಾದಿಲಿಂಗಪ್ಪ ನನ್ನ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದವನು ಕೈ ನಿಲ್ಲಿಸಿ, ಕನ್ನಡಿಯಲ್ಲಿ ಮಗನನ್ನು ನೋಡಿದ. ನೊರೆ ನನ್ನ ಕೆನ್ನೆಯ ಮೇಲೆ ಒಣಗುವವರೆಗೂ ನೋಡಿದ. ಮಗ ತನ್ನ ಬಳಿ ಉಳಿಯಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಅವತ್ತು ಆ ಆಸೆಯನ್ನು ಬಿಟ್ಟುಕೊಟ್ಟ. ಮಗನ ಮುಖ ಹಾಗಿರುವುದನ್ನು ನೋಡುವುದಕ್ಕಿಂತ ಮಗ ಇಲ್ಲದಿರುವುದೇ ಮೇಲು ಎಂದುಕೊಂಡಿರಬೇಕು.

ಭರ್ತಿಗೆ ಬಂದಿದ್ದ ಸುಬೇದಾರ ಟಿ.ಬಿ.ಯಲ್ಲಿ, ಸರಕಾರಿ ಪ್ರವಾಸಿ ಬಂಗಲೆಯಲ್ಲಿ, ಇಳಿದಿದ್ದ. ಅಲ್ಲಿಗೆ ಬರುವ ಸಾಹೇಬರಿಗೆ ಗಡ್ಡ ಮಾಡಲು ಕಾವಲುಗಾರ ಯಾವಾಗಲೂ ಗಾದಿಲಿಂಗಪ್ಪನನ್ನೇ ಕರೆಯುತ್ತಿದ್ದ. ಅವತ್ತೂ ಕರೆದ. ಗಾದಿಲಿಂಗಪ್ಪ ಮಗನನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋದ. ತನ್ನ ಪೆಟ್ಟಿಗೆಯಿಂದ ಒಳ್ಳೆಯ ಕತ್ತಿಯನ್ನೇ ತೆಗೆದು ಅವನ ಕೈಗೆ ಕೊಟ್ಟ.

ಅಲ್ಲಿ ನಡೆದದ್ದನ್ನು ಅವನೇ ನನಗೆ ಅಂದೇ ಬಂದು ಹೇಳಿದ. ಹಿಗ್ಗಿನಿಂದ ಕೂರಲೂ ಆಗುತ್ತಿರಲಿಲ್ಲ ಅವನಿಗೆ.

"ಮೇಷ್ಟ್ರೇ, ಸುಬೇದಾರಗ ನಾ ಮುಟ್ಲೇ ಇಲ್ಲ. ಗವೀನ ಬಿಟ್ಟೆ. ಗಡ್ಡ ಮಾಡಿದ, ತಲೀಗೆ ಎಣ್ಣಿ ಹಾಕಿ ತಿಕ್ಕಿದ. ನಾ ಕೈ ಮುಗದು ಅಂದೆ, ಸಾಬ್, ಮೇರಾ ಬೇಟಾ, ಹಾಥ್ ದೇಖೋ ಸಾಬ್, ಇದಕೊಂದು ದಾರಿ ಮಾಡೋ ಸಾಬ್ ಅಂತ."

"ಅದಕ್ಕೆ ಅವನೇನೆಂದ?"

"ಹಿಂಗ ಅಂಗೈ ಆಡಿಸಿದ ನೋಡ್ರಿ ಗಲ್ಲದ ಮ್ಯಾಲೆ. 'ಹಾಥ್ ಬಹುತ್ ಅಚ್ಛಾ ಹೈ. ಕಲ್ ಭೇಜ್ ದೋ' ಅಂದ. ಕೈ ಭಾಳ ಛಲೋ ಐತಿ, ನಾಳೆ ಕಳಸು ಅಂದ! ಇನ್ನೇನ್ ಬೇಕ್ರಿ? ಒಂದು ಬೆಳ್ಳು ಕಡಿಮಿ ಬಿದ್ದಿತ್ತಲ್ರಿ, ಅದನ್ನ ನನ್ನ ಕತ್ತಿ ತುಂಬಿಸ್ತು."

ಮರುದಿನ ಗವಿಯನ್ನು ತೆಗೆದುಕೊಂಡರು. ಯಾವುದಕ್ಕೆ ತೆಗೆದುಕೊಂಡರು ಎಂದು ಅಪ್ಪನೂ ಕೇಳಲಿಲ್ಲ, ಮಗನೂ ಕೇಳಲಿಲ್ಲ. ಅಲ್ಲಿ ಹೇಳಿದ ಹಿಂದಿ ಗವಿಗೆ ಅರ್ಧಂಬರ್ಧ ತಿಳಿಯಿತು. ತಿಳಿದ ಅರ್ಧದಲ್ಲಿ 'ಫೌಜ್' ಇತ್ತು, ಅಷ್ಟು ಸಾಕಾಗಿತ್ತು. ನನಗೂ ಅನುಮಾನ ಬರಲಿಲ್ಲ. ನಾವೆಲ್ಲ ಸಿಹಿ ತಿಂದೆವು.

ಹೊರಡುವ ದಿನ ಗಾದಿಲಿಂಗಪ್ಪ, "ಬಾರಪಾ, ತಲಿ ಕಟಿಂಗ್ ಮಾಡಿ ಕಳಿಸ್ತೀನಿ" ಎಂದ. ಹುಟ್ಟಿದ ಕೂದಲು ತೆಗೆದಂದಿನಿಂದ ಆ ತಲೆಗೆ ಬೇರೆಯವರ ಕತ್ತರಿ ಬಿದ್ದಿರಲಿಲ್ಲ. ಗವಿ, "ಅಲ್ಲೇ ಮಾಡ್ತಾರ ಬಿಡಪಾ, ಅವರದು ಬ್ಯಾರೆ ಇರ್ತೈತಿ" ಎಂದ. ಸ್ಟೇಷನ್ನಿನಲ್ಲಿ ಜಂಬಮ್ಮ ಅತ್ತಳು, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕಿಟಕಿಯಲ್ಲಿ ತುರುಕಿದಳು. ಗಾದಿಲಿಂಗಪ್ಪ ಅಳಲಿಲ್ಲ. ಗುಂತಕಲ್ಲಿನ ಕಡೆ ರೈಲು ಹೋದ ಮೇಲೆ ನನ್ನ ಜೊತೆ ನಡೆದು ಬರುತ್ತಾ, "ಅಲ್ಲೀ ಕಟಿಂಗ್‌ನವ ಎಂಥವ ಇರ್ತಾನೋ ಏನೋ. ಗವೀಗೆ ಎಡಗಿವಿ ಹಿಂದ ಸುಳಿ ಐತಿ. ನೋಡದ ಕತ್ತರಿ ಹಾಕಿದ್ರ ಎದ್ದು ನಿಂದರ್ತೈತಿ" ಎಂದ. ದಾರಿಯುದ್ದಕ್ಕೂ ಅದೊಂದೇ ಮಾತು.

ಆ ತರಬೇತಿಯ ತಿಂಗಳುಗಳಲ್ಲಿ ಅವನನ್ನು ನೋಡಿದವನು ನಾನು. ಬೆಳಿಗ್ಗೆ ಅಂಗಡಿ ತೆರೆದೊಡನೆ ತನ್ನ ಕತ್ತಿಯ ಜೊತೆ ಗವಿಯ ಕತ್ತಿಯನ್ನೂ ಚರ್ಮದ ಪಟ್ಟಿಗೆ ತಿಕ್ಕಿ ಹದ ಮಾಡಿ ಮಡಚಿಡುತ್ತಿದ್ದ. ಬಳಸುವವರಿಲ್ಲದ ಕತ್ತಿ. ಎರಡನೆಯ ಕುರ್ಚಿಯ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ಸಂತೆಯ ದಿನ ಜನ ನಿಂತೇ ಕಾಯುತ್ತಿದ್ದರು. ನಾನು ಶಾಲೆಯಿಂದ ಭಾರತದ ನಕ್ಷೆ ತಂದು ಗವಿ ಇರುವ ಊರು ತೋರಿಸಿದೆ. ಬಳ್ಳಾರಿಯ ಮೇಲೆ ಹೆಬ್ಬೆರಳಿಟ್ಟು ಕೈ ಚಾಚಿದ.

"ಒಂದು ಗೇಣೂ ಇಲ್ಲಲ್ರಿ!"

"ಕಾಗದದ ಮೇಲೆ, ಗಾದಿಲಿಂಗಪ್ಪ."

"ಇರ್ಲಿ ಬಿಡ್ರಿ. ಕಾಗದದ ಮ್ಯಾಲರ ಸಮೀಪ ಅದಾನಲ್ಲ."

ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆಯೇ ಎಂದು ಉತ್ತರದಿಂದ ಬಂದ ಹತ್ತಿ ವ್ಯಾಪಾರಿಗಳನ್ನು ಕೇಳುತ್ತಿದ್ದ. ಸುತ್ತಲಿನ ಹಳ್ಳಿಯ ಹುಡುಗರು ಭರ್ತಿಗೆ ಹೊರಟರೆ ಪುಕ್ಕಟೆ ಕಟಿಂಗ್ ಮಾಡಿ ಕಳಿಸುತ್ತಿದ್ದ. ಅವರ ತಲೆ ಹಿಡಿದಾಗ ಅವನ ಕೈ ತಡವಾಗುತ್ತಿತ್ತು. ಅದೇ ಹೊತ್ತಿಗೆ ಒಂದು ಫೋಟೊ ಬಂತು. ಖಾಕಿ ಬಟ್ಟೆ, ಬೂಟು, ಕೈಯಲ್ಲಿ ಬಂದೂಕು, ಎದೆ ಉಬ್ಬಿಸಿ ನಿಂತ ಗವಿ. ಕನ್ನಡಿಯ ಮೇಲೆ ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ. ಗಿರಾಕಿಗಳು ಕುತ್ತಿಗೆ ಎತ್ತಿದರೆ ಮೊದಲು ಕಾಣುತ್ತಿದ್ದುದೇ ಅದು. ದಸ್ತಗೀರಸಾಬ, "ಗಾದಿ, ಆ ಬಂದೂಕ ನನ್ನ ಕಡೀಗೇ ಹಿಡದಾನಲ್ಲೋ ನಿನ್ನ ಮಗ" ಎಂದು ರೇಗಿಸಿದರೆ, "ಕೆಟ್ಟ ಬೀಗ ಮಾರಾವ್ರಿಗೆ ಹಂಗ ಆಗ್ಬೇಕು" ಎಂದು ನಗುತ್ತಿದ್ದ. ನಾನು ಅವನನ್ನು ಅಷ್ಟು ಸಂತೋಷವಾಗಿ ನೋಡಿದ್ದು ಅದೇ ಕೊನೆ.

ತರಬೇತಿ ಮುಗಿಸಿ ಗವಿ ರಜೆಯ ಮೇಲೆ ಬಂದ. ಓಣಿಯೆಲ್ಲ ಸೇರಿತು. ಬಂದೂಕು ಎಷ್ಟು ಭಾರ, ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರು. ಗವಿ ಏನೋ ಒಂದು ಹೇಳಿ ಮಾತು ತೇಲಿಸಿದ. ಮಂಗಳವಾರ ಸಲೂನಿಗೆ ರಜೆ. ಅವತ್ತು ಮಧ್ಯಾಹ್ನ ಅರ್ಧ ಬಾಗಿಲು ಹಾಕಿಕೊಂಡು ಗಾದಿಲಿಂಗಪ್ಪ ಮಗನನ್ನು ಕುರ್ಚಿಗೆ ಕರೆದ. ನಾನೂ ಅಲ್ಲಿದ್ದೆ.

"ಕುಂದ್ರಪಾ. ತಲಿ ನೋಡ್ತೀನಿ. ಸುಳಿ ಕೆಡಿಸ್ಯಾರೋ ಹೆಂಗ."

ಗವಿ ಕೂತ. ಗಾದಿಲಿಂಗಪ್ಪ ಅವನ ತಲೆ ಹಿಡಿದು ತಿರುಗಿಸಿದ. ಕುರ್ಚಿಯ ತೋಳಿನ ಮೇಲಿದ್ದ ಮಗನ ಬಲಗೈ ಸರಿಸಲು ಹಿಡಿದವನು, ಹಿಡಿದೇ ನಿಂತುಬಿಟ್ಟ. ಹೆಬ್ಬೆರಳ ಬದಿಗೆ, ಉಂಗುರ ಬೆರಳ ಗೆಣ್ಣಿನ ಮೇಲೆ ಚರ್ಮ ದಡ್ಡುಗಟ್ಟಿತ್ತು. ಗಾದಿಲಿಂಗಪ್ಪನ ಕೈಯಲ್ಲಿ ಅದೇ ಎರಡು ಜಾಗದಲ್ಲಿ ಅದೇ ದಡ್ಡು. ದಿನವಿಡೀ ಕತ್ತರಿ ಆಡಿಸುವವರಿಗೆ ಮಾತ್ರ ಬೀಳುವಂಥದು. ಮನೆ ಬಿಡುವಾಗ ಗವಿಯ ಕೈಯಲ್ಲಿ ಅದು ಅಷ್ಟಿರಲಿಲ್ಲ.

"ಇದೇನಲೇ ಗವಿ?"

ಗವಿ ಕೈ ಎಳೆದುಕೊಂಡ. ಮೇಲೆ ತೂಗುಹಾಕಿದ್ದ ತನ್ನ ಫೋಟೊ ನೋಡಿದ.

"ನೀನ ಕೇಳಿದ್ದಲ್ಲಪಾ."

"ಏನ ಕೇಳಿದ್ದೆ?"

"ಸುಬೇದಾರಗ. ಕೈ ನೋಡ್ರಿ, ಕೈ ನೋಡ್ರಿ ಅಂತ. ನೋಡಿದ್ರು. ಸಿಪಾಯಿ ಆಗಾಕ ಎತ್ತರ ಸಾಲದು, ನಾಯಿಂದ ಆಗಾಕ ಸಾಕು ಅಂತ ತಗೊಂಡ್ರು. ಮೊದಲು ಒಂದೀಟು ದಿವ್ಸ ಎಲ್ಲರಂಗ ಪರೇಡು ಮಾಡ್ಸಿದ್ರು, ಅವಾಗ ತೆಗೆಸಿದ ಫೋಟೊ ಅದು. ಆಮ್ಯಾಲ ಜೋಡಿ ಬಂದವರೆಲ್ಲ ಬಂದೂಕ ಹಿಡಕೊಂಡು ಹೋದ್ರು. ನನಗ ಒಂದು ತಗಡಿನ ಶೆಡ್ಡು ತೋರ್ಸಿದ್ರು. ಬೆಳಗಿಂದ ಸಂಜೀತನಕ ತಲಿ. ಬರೇ ತಲಿ. ಇಲ್ಲಿ ಕುರ್ಚಿ ಆದ್ರೂ ಇತ್ತು, ಅಲ್ಲಿ ನಿನ್ನಪ್ಪನಂಗ ಕುಕ್ಕರಗಾಲಾಗ ಕುಂತು ಮಾಡ್ತೀನಿ."

ಗಾದಿಲಿಂಗಪ್ಪ ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟ.

"ಸುಬೇದಾರಂದು ತಪ್ಪಿಲ್ಲಪಾ," ಎಂದ ಗವಿ. ಅವನ ದನಿ ಏರಲಿಲ್ಲ, ಅದನ್ನೇ ತಾಳಲಾಗಲಿಲ್ಲ ನನಗೆ. "ಗೌಡ್ರ ಮನಿಗೆ ಕೈ ಒಪ್ಪಿಸಿದಂಗ ಒಪ್ಪಿಸಿದಿ. ಅವ ಗಲ್ಲ ಸವರಿ ಒಪ್ಪಿಕೊಂಡ. ಇನ್ನ ಹದಿನೈದು ವರ್ಷ ನಾ ಅವರ ಮನಿಯವ."

"ಬಿಟ್ಟು ಬಾರಪಾ. ಎರಡು ಕುರ್ಚಿ ಅದಾವ."

"ಬಿಟ್ಟು ಬಂದ್ರ ಹಿಡಕೊಂಡು ಹೋಗ್ತಾರ. ಅದೂ ಅಲ್ದ, ಬಂದು ಈ ಓಣ್ಯಾಗ ಹೆಂಗ ತಿರಗ್ಲಿ? ಎಲ್ಲರಿಗೂ ಬಂದೂಕ ತೋರ್ಸಿ ಕುಂತೀಯಲ್ಲ." ಎದ್ದು ನಿಂತ. "ಒಂದು ಮಾತು ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ನಾ ಮತ್ತ ಈ ಊರಿಗೆ ಬರಂಗಿಲ್ಲ. ನೀವೂ ಸರ್."

ತಲೆಗೆ ಕತ್ತರಿ ಹಾಕಿಸಿಕೊಳ್ಳದೆಯೇ ಹೊರಟುಹೋದ. ಗಾದಿಲಿಂಗಪ್ಪ ಮಗನ ಕೊರಳಿಗೆ ಸುತ್ತಬೇಕೆಂದಿದ್ದ ಬಿಳಿ ಬಟ್ಟೆಯನ್ನು ಕೊಡವಿದ. ಕೂದಲೇ ಬಿದ್ದಿರದ ಬಟ್ಟೆ. ಮತ್ತೆ ಮತ್ತೆ ಕೊಡವಿದ.

ಜಂಬಮ್ಮನಿಗೆ ಹೇಳದಿರಲು ಅವನಿಗೆ ಆಗಲಿಲ್ಲ. ಆಕೆ ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. "ಊರ ಗಡ್ಡ ತೆಗದಿ, ಕಡೀಗೆ ನನ್ನ ಮಗನ ಬಾಳೂ ತೆಗದಿ. ಅವ ಸುಮ್ನ ಮನ್ಯಾಗ ಇರ್ತಿದ್ದ, ನಾಕು ದಿನ ಉಪಾಸ ಇದ್ದು ಎದ್ದು ಉಣ್ತಿದ್ದ. ನಿನಗ ದೊಡ್ಡಸ್ತನ ತೋರಿಸ್ಬೇಕಾಗಿತ್ತು" ಎಂದಳಂತೆ. ಆಮೇಲೆ ಅವಳು ಅದರ ಬಗ್ಗೆ ಮಾತೇ ಎತ್ತಲಿಲ್ಲ, ಊಟ ಬಡಿಸುವಾಗಲೂ ಅವನ ಮುಖ ನೋಡುತ್ತಿರಲಿಲ್ಲ ಎಂದು ಗಾದಿಲಿಂಗಪ್ಪ ನನ್ನ ಬಳಿ ಹೇಳಿಕೊಂಡ.

ಫೋಟೊ ಇಳಿಸುವಂತಿರಲಿಲ್ಲ. ಇಳಿಸಿದರೆ ಜನ ಕೇಳುತ್ತಾರೆ. ದಿನವೂ ಅದರ ಕೆಳಗೆ ನಿಂತು ಕೆಲಸ ಮಾಡಿದ. ಎಪ್ಪತ್ತೊಂದರ ಯುದ್ಧ ಬಂದಾಗ ಸಲೂನಿನ ರೇಡಿಯೊ ಮುಂದೆ ಓಣಿಯೆಲ್ಲ ಕೂತಿರುತ್ತಿತ್ತು. ಪ್ರತಿ ಸುದ್ದಿಗೂ ಜನ ಗಾದಿಲಿಂಗಪ್ಪನ ಬೆನ್ನು ತಟ್ಟುತ್ತಿದ್ದರು.

"ಗಾದಿ, ನಿನ್ನ ಮಗ ಎಷ್ಟು ಮಂದೀನ ಹೊಡದಾನಂತ ಬರದಾನೇನು?" ಎಂದ ದಸ್ತಗೀರಸಾಬ.

"ಲೆಕ್ಕ ಬರಿಯಾಕ ಬಿಡಂಗಿಲ್ಲಂತ" ಎಂದ ಗಾದಿಲಿಂಗಪ್ಪ, ನನ್ನ ಕಿವಿಯ ಪಕ್ಕ ಕತ್ತಿ ಹಿಡಿದು. "ಬಂದವರ ಬಾಯಿಲೆ ಹೇಳಿ ಕಳಿಸ್ಯಾನ. ಭಾಳ ಮಂದಿ ಅಂತ."

ಎಲ್ಲರೂ ಭೇಷ್ ಎಂದರು. ಅವನ ಕೈ ನನ್ನ ಕೆನ್ನೆಯ ಮೇಲೆ ನಡುಗಿತು. ಅದೇ ಮೊದಲು ನಾನು ಅವನ ಕೈ ನಡುಗಿದ್ದು ಕಂಡದ್ದು. ಆ ದಿನಗಳಲ್ಲಿ ಅವನಿಗೆ ಭಯವೂ ಇತ್ತು. ತಗಡಿನ ಶೆಡ್ಡಿನ ಮೇಲೆ ಬಾಂಬು ಬೀಳುವುದಿಲ್ಲವೆಂದು ಯಾರು ಹೇಳಿದರು? ಆದರೆ ಬೇರೆ ಸಿಪಾಯಿಗಳ ತಂದೆಯರಂತೆ ಬಾಯಿಬಿಟ್ಟು ಹೆದರುವ ಹಕ್ಕೂ ತನಗಿಲ್ಲ ಎಂದು ಅವನು ತಿಳಿದಿದ್ದ. "ಹೆದರಿದ್ರೂ ಕಳ್ಳನಂಗ ಹೆದರ್ತೀನಿ ಮೇಷ್ಟ್ರೇ" ಎಂದ.

ಯುದ್ಧ ಮುಗಿದ ಮೇಲೆ ಸಿರುಗುಪ್ಪದಿಂದ ಹೆಣ್ಣು ಬಂತು. ಹುಡುಗಿ ಈರಮ್ಮ. ಅವಳಪ್ಪ ಮೈಲಾರಪ್ಪ ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಸಲೂನು ಇಟ್ಟವನು, ಅವರದೇ ಜನ. ಮಾತುಕತೆಗೆ ನನ್ನನ್ನೂ ಹಿರಿಯನೆಂದು ಕರೆದುಕೊಂಡು ಹೋದರು. ಮೈಲಾರಪ್ಪ ಚಹಾ ಕೊಟ್ಟು, ತನ್ನ ಎರಡೂ ಕೈ ಮುಂದೆ ಚಾಚಿ ತೋರಿಸಿದ.

"ಬೀಗ್ರೇ, ಈ ಕೈ ನೋಡ್ರಿ. ನಮ್ಮಜ್ಜಂದೂ ಹಿಂಗ, ನಮ್ಮಪ್ಪಂದೂ ಹಿಂಗ. ನನ್ನ ಮಗಳ್ನ ಕತ್ತಿ ಹಿಡಿಯೋ ಕೈಗೆ ಕೊಡಂಗಿಲ್ಲ ಅಂತ ಆಣಿ ಮಾಡೀನಿ. ದೇಶನೂರಿಂದ ಗದ್ದಿ ಇರೋ ಹುಡುಗ ಬಂದಿದ್ದ, ಅವನೂ ಕತ್ತಿ ಬಿಟ್ಟಿರಲಿಲ್ಲ, ಒಲ್ಲೆ ಅಂದೆ. ನಿಮ್ಮ ಹುಡುಗ ಮಿಲ್ಟ್ರಿ ಅಂತ ಕೇಳಿ ಹೂಂ ಅಂದೀನಿ."

ನಾನು ನೆಲ ನೋಡಿದೆ. ಗಾದಿಲಿಂಗಪ್ಪ ಚಹಾದ ಬಸಿ ಕೆಳಗಿಟ್ಟ.

"ನನ್ನ ಮಗ ಬಂದೂಕ ಹಿಡಿದಾನ ಬೀಗ್ರೇ," ಎಂದ. "ಕತ್ತಿ ಮುಟ್ಟಂಗಿಲ್ಲ."

ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ಹಸಿರಾಗಿ ನಿಂತಿತ್ತು. "ಮಗ ಊರಿಗೆ ಬರ್ಬೇಕಂದ್ರ ಇದೊಂದ ದಾರಿ" ಎಂದ, ನಾನು ಏನನ್ನೂ ಕೇಳದಿದ್ದರೂ.

ಮದುವೆಯಾಯಿತು. ಈರಮ್ಮ ಹೆಚ್ಚಾಗಿ ತವರಿನಲ್ಲೇ ಇದ್ದಳು. ರಜೆಗೆ ಬಂದ ಗವಿ ನೇರ ಸಿರುಗುಪ್ಪಕ್ಕೆ ಹೋಗುತ್ತಿದ್ದ. ಬಳ್ಳಾರಿಗೆ ಬಂದರೆ ಹಿತ್ತಲ ಬಾಗಿಲಿನಿಂದ ತಾಯಿಯನ್ನು ಕಂಡು, ಉಂಡು ಹೋಗುತ್ತಿದ್ದ. ಅಂಗಡಿಗೆ ಕಾಲಿಡುತ್ತಿರಲಿಲ್ಲ. ಪ್ರತಿ ಸಲವೂ ತಲೆ ಅಲ್ಲಿಂದಲೇ ನೀಟಾಗಿ ಕತ್ತರಿಸಿಕೊಂಡು ಬಂದಿರುತ್ತಿದ್ದ. ಅಪ್ಪನಿಗೆ ಕತ್ತರಿ ಹಾಕಲು ಕೂದಲೇ ಉಳಿಸುತ್ತಿರಲಿಲ್ಲ. ಗಾದಿಲಿಂಗಪ್ಪ ಮಾತ್ರ ಎರಡನೆಯ ಕತ್ತಿಯನ್ನು ಹದ ಮಾಡುವುದನ್ನು ಬಿಡಲಿಲ್ಲ. ಒಮ್ಮೆ ನಾನು, "ಇದನ್ನು ಯಾರಿಗಾಗಿ ಮಸೆಯುತ್ತೀಯೋ?" ಎಂದೆ. "ಕೈ ಒಪ್ಪಿಸೂದರಾಗ ಮೊದಲಿಂದು ಬಿಟ್ಟೋತಲ್ರಿ ಮೇಷ್ಟ್ರೇ. ಮೊದಲು ಅಪ್ಪಂದು ಆಗ್ಬೇಕು. ಅದನ್ನ ಬಿಟ್ಟು ನಾ ಸೀದಾ ಸುಬೇದಾರನ ಗಡ್ಡಕ್ಕ ಕಳಿಸಿದೆ. ಅದಕ ಹಿಂಗಾತೇನೋ. ಒಂದು ಸಲ ಅವ ನನ್ನ ಗಡ್ಡ ಮಾಡಿದ್ರ, ನಾ ಒಪ್ಪೈತಿ ಅಂದ್ರ, ಅವ ಮತ್ತ ನಮ್ಮ ಮನಿಯವ ಆಗ್ತಾನ" ಎಂದ. ನಾನು ನಗಲಿಲ್ಲ. ಬೇರೆ ಏನು ಉಳಿದಿತ್ತು ಅವನಿಗೆ?

ಬರಬರುತ್ತಾ ಕೈ ನಡುಕ ಹೆಚ್ಚಾಯಿತು. ಒಬ್ಬ ಗಿರಾಕಿಯ ಗದ್ದ ಕೊಯ್ದ ಮೇಲೆ ತಾನೇ ಅಂಗಡಿ ಮುಚ್ಚಿದ. ಎಂಬತ್ತಮೂರರಲ್ಲಿ ಹಾಸಿಗೆ ಹಿಡಿದ. ಜೀವಮಾನವಿಡೀ ನುಣ್ಣಗಿದ್ದ ಅವನ ಮುಖದಲ್ಲಿ ಬಿಳಿ ಗಡ್ಡ ಬೆಳೆಯಿತು. ಓಣಿಯ ಬೇರೆ ಸಲೂನಿನವರು ಬಂದರು, ಒಲ್ಲೆನೆಂದ. ನಾನೇ ಬ್ಲೇಡು ತಂದೆ.

"ಬ್ಯಾಡ ಬಿಡ್ರಿ ಮೇಷ್ಟ್ರೇ, ನಿಮಗ ಬರಂಗಿಲ್ಲ. ಗವೀದು ಈ ತಿಂಗಳು ಸರ್ವೀಸು ಮುಗೀತೈತಿ. ಪೂರ್ತಿ ಬರ್ತಾನ. ಬಂದು ಮಾಡ್ತಾನ."

"ಅವನು ಮಾಡಿದರೆ ಓಣಿಯವರಿಗೆಲ್ಲ ಗೊತ್ತಾಗುತ್ತದಲ್ಲ?"

"ಬಾಗಿಲಾ ಹಾಕ್ಕೊಂತೀವಿ" ಎಂದ.

ಅವನು ಕಾದ. ಗವಿ ಬರುವ ಮುಂಚಿನ ದಿನ ಸಂಜೆ ಹೋಗಿಬಿಟ್ಟ.

ಅವರಲ್ಲಿ ಹೆಣವನ್ನು ಕೂರಿಸುತ್ತಾರೆ, ಮಣ್ಣಿಗೂ ಕೂರಿಸಿಯೇ ಇಡುತ್ತಾರೆ. ಮನೆಯೊಳಗೆ ಜಾಗ ಸಾಲದೆ ಯಾರೋ ಸಲೂನಿನ ಕುರ್ಚಿಯನ್ನೇ ಹೊರಗೆ ತಂದು ಬಾಗಿಲ ಮುಂದೆ ಇಟ್ಟರು. ಗಾದಿಲಿಂಗಪ್ಪನನ್ನು ಅದರಲ್ಲಿ ಕೂರಿಸಿ, ಎದೆಗೆ ಧೋತರ ಸುತ್ತಿ ಹಿಂದಕ್ಕೆ ಕಟ್ಟಿದರು. ಅಷ್ಟು ವರ್ಷ ಊರನ್ನು ಕೂರಿಸಿ ನಿಂತವನು ಅವತ್ತು ತಾನು ಕೂತ. ಬೆಳಿಗ್ಗೆ ಓಣಿ ತುಂಬ ಜನ. ಸಿರುಗುಪ್ಪದಿಂದ ಮೈಲಾರಪ್ಪ, ಈರಮ್ಮ ಬಂದರು. ಹೆಣವನ್ನು ಕುರುಗೋಡಿಗೆ ಒಯ್ಯಲು ಲಾರಿ ನಿಂತಿತ್ತು. ಆ ಹೊತ್ತಿಗೆ ಗವಿ ತಗಡಿನ ಟ್ರಂಕು ಹೊತ್ತು ಸ್ಟೇಷನ್ನಿನಿಂದ ನಡೆದು ಬಂದ.

ಅಪ್ಪನ ಮುಖದ ಗಡ್ಡ ನೋಡಿ ನಿಂತ. "ಇದೇನು, ಗಡ್ಡ ಯಾಕ ಬಿಟ್ಟೀರಿ?" ಎಂದು ಕೇಳಿದ. ಜಂಬಮ್ಮ ಬಾಗಿಲಲ್ಲಿ ಕೂತಲ್ಲಿಂದಲೇ ಹೇಳಿದಳು: "ನಿನ್ನ ಸಲುವಾಗಿ ಬಿಟ್ಟಿದ್ದ."

ದಸ್ತಗೀರಸಾಬ, "ಹೊತ್ತಾಗ್ತೈತಿ, ನಾ ಆಚೆ ಸಲೂನಿನ ಹುಡುಗನ್ನ ಕರೀತೀನಿ, ಎರಡು ನಿಮಿಷದಾಗ ತೆಗೀತಾನ" ಎಂದು ಹೊರಟ. ಗವಿ, "ಬ್ಯಾಡ ಚಾಚಾ" ಎಂದ. ಟ್ರಂಕು ಇಳಿಸಿ ಅಂಗಡಿಯೊಳಗೆ ಹೋದ. ಹದಿನಾಲ್ಕು ವರ್ಷದ ಮೇಲೆ. ತನ್ನ ಕತ್ತಿ ಇದ್ದ ಜಾಗದಲ್ಲೇ ಇತ್ತು. ಅಲಗಿಗೆ ಹೆಬ್ಬೆರಳು ತಾಗಿಸಿ ನೋಡಿ, ಅದು ಹದವಾಗಿರುವುದು ಕಂಡು ಚರ್ಮದ ಪಟ್ಟಿಯತ್ತ ಚಾಚಿದ ಕೈ ಹಿಂದೆಗೆದ. ಹೊರಗೆ ಬಂದು ಅಪ್ಪನ ಮುಖಕ್ಕೆ ನೀರು ಹಚ್ಚಿದ, ಕುಂಚದಲ್ಲಿ ನೊರೆ ಎಬ್ಬಿಸಿದ, ಎಡಗೈ ಹೆಬ್ಬೆರಳಿನಿಂದ ಚರ್ಮ ಮೇಲಕ್ಕೆ ಎಳೆದು ಹಿಡಿದು ಕತ್ತಿ ಇಳಿಸಿದ.

ಓಣಿಯ ಜನ ಒತ್ತಿಕೊಂಡು ಹತ್ತಿರ ಬಂದರು. ಹದಿನೈದು ವರ್ಷ ಕತ್ತಿ ಬಿಟ್ಟ ಕೈ ಅಲ್ಲ, ದಿನಕ್ಕೆ ನೂರು ಮುಖ ಕಂಡ ಕೈ ಅದು, ಮುಚ್ಚಿಡುವುದು ಹೇಗೆ? ಕಿವಿಯ ಕೆಳಗೆ, ಗದ್ದದ ಗುಳಿಯಲ್ಲಿ, ಮೂಗಿನಡಿ, ಎಲ್ಲೂ ಎರಡನೆಯ ಸಲ ಕತ್ತಿ ಹೋಗಲಿಲ್ಲ. ಎಲ್ಲರಿಗಿಂತ ಮುಂದೆ ನಿಂತಿದ್ದ ಮೈಲಾರಪ್ಪನಿಗೆ ಮೊದಲ ಎಳೆತದಲ್ಲೇ ತಿಳಿದಿತ್ತು. ಅವನು ತಲೆಯ ಮೇಲಿನ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಅಳಿಯಂದ್ರೇ, ಈ ಕೈ ಎಲ್ಲಿ ಕಲತ್ರಿ?"

ಗವಿ ಕತ್ತಿ ನಿಲ್ಲಿಸಲಿಲ್ಲ. "ಮಿಲ್ಟ್ರ್ಯಾಗ, ಮಾವ."

"ಸಾಯೋವಾಗನೂ ನಿಮ್ಮಪ್ಪ ಹೇಳ್ಲಿಲ್ಲಲ್ಲೋ" ಎಂದ ಮೈಲಾರಪ್ಪ. ಮಗಳ ಕಡೆ ನೋಡಿದ. ಈರಮ್ಮ ತಲೆ ತಗ್ಗಿಸಲಿಲ್ಲ. ಅವಳಿಗೆ ಮೊದಲೇ ಗೊತ್ತಿತ್ತು ಎಂದು ಆಗ ಅವನಿಗೂ ಗೊತ್ತಾಯಿತು. ಅವನು ಗುಂಪಿನಿಂದ ಹಿಂದೆ ಸರಿದ.

ದಸ್ತಗೀರಸಾಬ ಸಲೂನಿನೊಳಗಿನ ಫೋಟೊವನ್ನೂ ಗವಿಯ ಕೈಯನ್ನೂ ನೋಡಿದ. "ಗಾದೀ ಕೈನ ಐತಿ. ಇಲ್ಲ, ಗಾದೀಗಿಂತ ಛಲೋ ಐತಿ" ಎಂದು ನನಗೆ ಕೇಳಿಸುವಷ್ಟೇ ಹೇಳಿದ. ಆ ಒಂದು ಮಾತಿಗೆ ಗಾದಿಲಿಂಗಪ್ಪ ಎರಡು ಕುರ್ಚಿಯನ್ನೂ ಕೊಡುತ್ತಿದ್ದ.

ಮುಖ ಒರೆಸಿ, ಪಟಿಕದ ಕಲ್ಲು ಸವರಿ, ಕತ್ತಿ ಮಡಚಿ ಗವಿ ಸುಮ್ಮನೆ ನಿಂತ. ಏನನ್ನೋ ಕಾಯುವವನಂತೆ ನಿಂತ. ಏನನ್ನೆಂದು ಅಲ್ಲಿ ಗೊತ್ತಿದ್ದವರು ನಾನು, ಜಂಬಮ್ಮ, ಮೈಲಾರಪ್ಪ, ಇಷ್ಟೇ ಜನ. ಗಡ್ಡ ಮಾಡಿಸಿಕೊಂಡವನು ಕೆನ್ನೆಯ ಮೇಲೆ ಅಂಗೈ ಆಡಿಸಿ ಒಂದು ಮಾತು ಹೇಳಬೇಕು. ಗವಿ ಬಗ್ಗಿ ಅಪ್ಪನ ಬಲಗೈ ಹಿಡಿದ. ಅದನ್ನು ಎತ್ತಿ ಆ ಕೆನ್ನೆಗೆ ತಾಗಿಸಲು ನೋಡಿದ. ಸಂಜೆ ಹೋದ ಜೀವ, ಬೆಳಿಗ್ಗೆಗೆ ಕೈ ಸೆಟೆದುಕೊಂಡಿತ್ತು. ಬಾಗಲಿಲ್ಲ. ಇನ್ನೊಮ್ಮೆ, ಮೆಲ್ಲಗೆ, ಮೊಣಕೈ ಹಿಡಿದು ನೋಡಿದ. ಬಾಗಲಿಲ್ಲ.

ಜಂಬಮ್ಮ ಎದ್ದು ಬಂದು ಮಗನ ಕೈ ಬಿಡಿಸಿದಳು.

"ಸಾಕು ಬಿಡಪಾ," ಎಂದಳು. ಆಮೇಲೆ ಲಾರಿಯ ಹತ್ತಿರ ನಿಂತಿದ್ದವರಿಗೆ ಹೇಳಿದಳು: "ಎತ್ರಿ ಇನ್ನ. ಕುರುಗೋಡು ದೂರ ಐತಿ."